ಕಾವಿಲ್ಲದೆ ಹೂವಿನ ಸಾರ: ಒಂದು ವಿಧಾನದ ಚರಿತ್ರೆ

ಕ್ಯಾಮೊಮೈಲ್ ಸೇವಂತಿಗೆಯ ಕುಟುಂಬಕ್ಕೆ ಸೇರಿದ ಪುಟ್ಟ ಬಿಳಿ ಹೂವು; ಹೊಟ್ಟೆನೋವಿಗೂ ಉರಿಯೂತಕ್ಕೂ ಯುರೋಪಿನ ಹಳೆಯ ಮನೆಮದ್ದು. ಇದನ್ನು ಹಬೆಯಲ್ಲಿ ಭಟ್ಟಿ ಇಳಿಸಿದಾಗ ದೊರೆಯುವ ತೈಲದ ಬಣ್ಣ ಕಡುನೀಲಿ. ಆ ನೀಲಿಯನ್ನೇ ಒಳ್ಳೆಯ ತೈಲದ ಗುರುತೆಂದು ಬಹುಕಾಲ ಎಣಿಸಲಾಗಿತ್ತು. ವಾಸ್ತವವಾಗಿ ಹೂವಿನಲ್ಲಿ ಆ ನೀಲಿ ಇಲ್ಲ. ಅಲ್ಲಿರುವುದು ಮ್ಯಾಟ್ರಿಸಿನ್ ಎಂಬ ಬಣ್ಣವಿಲ್ಲದ ವಸ್ತು. ಹಬೆಯ ಕಾವಿಗೆ ಅದು ಒಡೆದು ಕಮಜುಲೀನ್ ಎಂಬ ನೀಲಿ ದ್ರವ್ಯವಾಗುತ್ತದೆ. ಹೂವಿನ ಸತ್ವವೆಂದು ಜನ ನಂಬಿದ್ದರಲ್ಲಿ ಒಂದು ಪಾಲು ಒಲೆಯ ಕೊಡುಗೆಯಾಗಿತ್ತು.

ಕಾವು ತಾಗದಂತೆ ಪರಿಮಳವನ್ನು ಹಿಡಿಯುವ ಬಯಕೆ ಹೊಸದಲ್ಲ. ಎಳ್ಳಿನ ನಡುವೆ ಹೂವಿನ ಪದರಗಳನ್ನು ಹಾಸಿ, ಗಂಧ ಹೀರಿದ ಎಳ್ಳನ್ನು ಗಾಣಕ್ಕೆ ಕೊಡುವುದು ನಮ್ಮ ನಾಡಿನ ಹಳೆಯ ರೂಢಿ. 1025ರ ಸುಮಾರಿಗೆ ಚಾವುಂಡರಾಯನು ಕನ್ನಡದಲ್ಲಿ ರಚಿಸಿದ ‘ಲೋಕೋಪಕಾರ’ದಲ್ಲಿ ಸುಗಂಧದ್ರವ್ಯಗಳಿಗೂ ಎಡೆಯಿದೆ. ಫ್ರಾನ್ಸಿನ ಗ್ರಾಸ್ ಪಟ್ಟಣದವರು ಇದೇ ಕೆಲಸಕ್ಕೆ ತಣ್ಣನೆಯ ಕೊಬ್ಬನ್ನು ಬಳಸಿದರು. ಕೊಯ್ದ ಮೇಲೂ ಮಲ್ಲಿಗೆ ಪರಿಮಳ ಸೂಸುತ್ತಲೇ ಇರುವುದರಿಂದ ಅದು ಅಲ್ಲಿ ಚೆನ್ನಾಗಿ ಫಲಿಸಿತು. ಮುಂದೆ ಹೆಕ್ಸೇನ್ ಮೊದಲಾದ ದ್ರಾವಕಗಳು ಬಂದು ಶ್ರಮ ಇಳಿಯಿತು. ಆದರೆ ದ್ರಾವಕದ ಶೇಷವನ್ನು ಹೊರದೂಡುವ ಚಿಂತೆ ಜತೆಗೂಡಿತು.

ಪರಿಹಾರದ ಬೀಜ ಸುಗಂಧಕಾರರ ಅಂಗಡಿಯಲ್ಲಿ ಇರಲಿಲ್ಲ. 1869ರಲ್ಲಿ ಬೆಲ್‌ಫಾಸ್ಟಿನ ಥಾಮಸ್ ಆಂಡ್ರೂಸ್, ಸುಮಾರು 31 ಡಿಗ್ರಿ ಸೆಲ್ಸಿಯಸ್ ಮೀರಿದ ಇಂಗಾಲದ ಡೈಆಕ್ಸೈಡನ್ನು ಎಷ್ಟು ಅದುಮಿದರೂ ಅದು ದ್ರವವಾಗದೆಂದು ವಿವರಿಸಿದನು. ಆ ಉಷ್ಣತೆಯ ಮೇಲೆ, ಸುಮಾರು 73 ವಾಯುಭಾರವನ್ನು ಮೀರಿದ ಒತ್ತಡದಲ್ಲಿ, ಅದು ಅನಿಲದಂತೆ ಸಂದುಗಳಲ್ಲಿ ನುಸುಳುತ್ತದೆ, ದ್ರವದಂತೆ ಕರಗಿಸುತ್ತದೆ. ಇಂಥ ಸ್ಥಿತಿಯ ಅನಿಲಗಳು ಘನವಸ್ತುಗಳನ್ನು ಕರಗಿಸಬಲ್ಲವೆಂದು 1879ರಲ್ಲಿ ಹ್ಯಾನೆ ಮತ್ತು ಹೋಗಾರ್ತ್ ತೋರಿಸಿದರು. ಆದರೂ ಈ ಅರಿವು ಬಹುಕಾಲ ಪ್ರಯೋಗಶಾಲೆಯ ಕೌತುಕವಾಗಿಯೇ ಉಳಿದಿತ್ತು. 1960ರ ದಶಕದಲ್ಲಿ ಜರ್ಮನಿಯ ಮ್ಯೂಲ್‌ಹೈಮಿನ ಕಲ್ಲಿದ್ದಲು ಸಂಶೋಧನ ಸಂಸ್ಥೆಯಲ್ಲಿ ಕುರ್ಟ್ ಜೋಸೆಲ್ ಇದನ್ನು ಕೈಗಾರಿಕೆಯ ಕಡೆಗೆ ತಿರುಗಿಸಿದನು. ಕಾಫಿಯಿಂದ ಕೆಫೀನ್ ತೆಗೆಯುವ ವಿಧಾನ ಅಲ್ಲಿಯದು. ಬಿಯರಿಗೆ ಕಹಿ ಕೊಡುವ ಹಾಪ್ಸ್ ಹೂಗಳ ಸರದಿ ಬೇಗನೆ ಬಂದಿತು. 1970ರ ದಶಕದಲ್ಲಿ ಸಾರ್‌ಬ್ರುಕೆನ್‌ನ ಎಗಾನ್ ಸ್ಟಾಲ್ ಕ್ಯಾಮೊಮೈಲನ್ನು ಈ ಬಗೆಯಲ್ಲಿ ಪರೀಕ್ಷಿಸಿದರು. ಹೀಗೆ ತೆಗೆದ ಸಾರದಲ್ಲಿ ನೀಲಿ ಇರಲಿಲ್ಲ. ಮ್ಯಾಟ್ರಿಸಿನ್ ಒಡೆಯದೆ ಉಳಿದಿತ್ತು. ಒತ್ತಡ ಇಳಿಸಿದೊಡನೆ ಅನಿಲ ಹಾರಿಹೋಗುವುದರಿಂದ ದ್ರಾವಕಶೇಷದ ಮಾತೇ ಇಲ್ಲ.

ಹಾಗೆಂದು ಇದು ಎಲ್ಲ ಹೂವಿಗೂ ಒದಗುವ ವಿದ್ಯೆಯಲ್ಲ. ಗಂಧದ ಜತೆಗೆ ದಳಗಳ ಮೇಣವೂ ಕರಗಿ ಬರುತ್ತದೆ. ಅದನ್ನು ಬೇರ್ಪಡಿಸಲು ಹಂತಹಂತವಾಗಿ ಒತ್ತಡ ಇಳಿಸುವ ಪಾತ್ರೆಗಳು ಬೇಕು. ನೂರಾರು ವಾಯುಭಾರ ತಾಳುವ ಉಕ್ಕಿನ ಕೊಳವೆ, ಪಂಪುಗಳ ಬೆಲೆ ಸಣ್ಣ ಕೃಷಿಕನ ಕೈಗೆ ನಿಲುಕದು. ತಾಳವಾಡಿ, ಗುಂಡ್ಲುಪೇಟೆಗಳ ಚೆಂಡುಹೂವನ್ನು ನೋಡಿದರೆ ಸಾಕು. ಗಡಿಯ ಎರಡೂ ಬದಿಯ ಕನ್ನಡಿಗರು ಬೆಳೆಯುವ ಈ ಹೂವಿನಲ್ಲಿ ಕಾರ್ಖಾನೆಗೆ ಬೇಕಾದದ್ದು ಪರಿಮಳವಲ್ಲ, ಲ್ಯೂಟೀನ್ ಎಂಬ ಹಳದಿ ಬಣ್ಣ. ಕೋಳಿಯ ಮೇವಿಗೆ ಬೆರೆಸಿದರೆ ಮೊಟ್ಟೆಯ ಭಂಡಾರ ಹಳದಿಯಾಗುತ್ತದೆ. ಬರಿಯ ಇಂಗಾಲದ ಡೈಆಕ್ಸೈಡಿನಲ್ಲಿ ಲ್ಯೂಟೀನ್ ಸುಲಭವಾಗಿ ಕರಗದು. ಬಹಳ ಹೆಚ್ಚಿನ ಒತ್ತಡವೋ ಮದ್ಯಸಾರದಂಥ ಸಹದ್ರಾವಕವೋ ಬೇಕಾಗುತ್ತದೆ. ಆದುದರಿಂದ ದಳಗಳನ್ನು ಹುಳಿಹಿಡಿಸಿ, ಒಣಗಿಸಿ, ಹೆಕ್ಸೇನಿನಲ್ಲಿ ಸಾರ ತೆಗೆಯುವುದೇ ಇಂದಿಗೂ ಉದ್ಯಮದ ರೂಢಿ. ಕ್ಯಾಮೊಮೈಲಿಗೆ ದಕ್ಕಿದ ತಣ್ಣನೆಯ ದಾರಿ ಚೆಂಡುಹೂವಿಗೆ ಇನ್ನೂ ದುಬಾರಿ.