ಮನೆಬಳಕೆಯ ಕಾಫಿ ಉಪಕರಣಗಳು

ಮನೆಬಳಕೆಯ ಕಾಫಿ ಉಪಕರಣಗಳು ಎಂದರೆ ಹುರಿದ ಕಾಫಿ ಬೀಜವನ್ನು ಪುಡಿಮಾಡಲು ಮತ್ತು ಆ ಪುಡಿಯಿಂದ ರಸ ಇಳಿಸಲು ಮನೆಗಳಲ್ಲಿ ಬಳಸುವ ಸಾಧನಗಳು. ಕರ್ನಾಟಕದಲ್ಲಿ ಇವುಗಳ ಪೈಕಿ ಅತ್ಯಂತ ಪರಿಚಿತವಾದುದು ಎರಡು ಅಂತಸ್ತಿನ ಲೋಹದ ಕಾಫಿ ಫಿಲ್ಟರ್. ಇದರಿಂದ ಇಳಿಯುವ ಗಟ್ಟಿ ರಸವನ್ನು ಡಿಕಾಕ್ಷನ್ ಎನ್ನುತ್ತಾರೆ. ಡಿಕಾಕ್ಷನ್ನಿಗೆ ಬಿಸಿ ಹಾಲು ಮತ್ತು ಸಕ್ಕರೆ ಸೇರಿಸಿದರೆ ಫಿಲ್ಟರ್ ಕಾಫಿಯಾಗುತ್ತದೆ. ಮೋಕಾ ಪಾಟ್, ಫ್ರೆಂಚ್ ಪ್ರೆಸ್, ಕಾಗದದ ಸೋಸುಕ, ಎಸ್ಪ್ರೆಸೊ ಯಂತ್ರ ಮೊದಲಾದವು ಬೇರೆ ದೇಶಗಳಿಂದ ಬಂದ ಸಾಧನಗಳು. ಕಾಫಿಯ ಗಟ್ಟಿತನ, ಪರಿಮಳ ಮತ್ತು ರುಚಿ ಉಪಕರಣದ ಬೆಲೆಗಿಂತ ಹೆಚ್ಚಾಗಿ ಪುಡಿಯ ತಾಜಾತನ, ಅದರ ನಯ, ನೀರಿನ ಶಾಖ ಹಾಗೂ ಪುಡಿ-ನೀರಿನ ಪ್ರಮಾಣವನ್ನು ಅವಲಂಬಿಸಿವೆ.

ಹಿನ್ನೆಲೆ

ಹದಿನೇಳನೆಯ ಶತಮಾನದಲ್ಲಿ ಸೂಫಿ ಸಂತ ಬಾಬಾ ಬುಡನ್ ಅವರು ಯೆಮೆನ್ ದೇಶದ ಮೋಕಾ ಬಂದರಿನಿಂದ ಏಳು ಕಾಫಿ ಬೀಜಗಳನ್ನು ತಂದು ಚಿಕ್ಕಮಗಳೂರಿನ ಬೆಟ್ಟಗಳಲ್ಲಿ ನೆಟ್ಟರೆಂಬುದು ಪ್ರಸಿದ್ಧ ಐತಿಹ್ಯ. ಭಾರತದ ಕಾಫಿ ಉತ್ಪಾದನೆಯಲ್ಲಿ ಸುಮಾರು ಶೇಕಡಾ ೭೦ರಷ್ಟು ಕರ್ನಾಟಕದ್ದು. ಕೊಡಗು, ಚಿಕ್ಕಮಗಳೂರು ಮತ್ತು ಹಾಸನ ಮುಖ್ಯ ಬೆಳೆಯುವ ಜಿಲ್ಲೆಗಳು. ಕಾಫಿ ಸಂಶೋಧನಾ ಕೇಂದ್ರವು ೧೯೨೫ರಲ್ಲಿ ಬಾಳೆಹೊನ್ನೂರಿನ ಬಳಿ ಆರಂಭವಾಯಿತು. ೧೯೪೨ರ ಕಾಫಿ ಕಾಯಿದೆಯಡಿ ಕಾರ್ಯ ನಿರ್ವಹಿಸುವ ಕಾಫಿ ಮಂಡಳಿಯ ಕೇಂದ್ರ ಕಚೇರಿ ಬೆಂಗಳೂರಿನಲ್ಲಿದೆ. ೨೦೧೯ರಲ್ಲಿ ಕೊಡಗು ಅರೇಬಿಕಾ, ಚಿಕ್ಕಮಗಳೂರು ಅರೇಬಿಕಾ ಮತ್ತು ಬಾಬಾಬುಡನ್‌ಗಿರಿ ಅರೇಬಿಕಾ ಕಾಫಿಗಳಿಗೆ ಭೌಗೋಳಿಕ ಸೂಚಕ ಮಾನ್ಯತೆ ದೊರೆಯಿತು.

ಲೋಹದ ಫಿಲ್ಟರ್ ಇಲ್ಲದ ಮನೆಗಳಲ್ಲಿ ಪುಡಿಯನ್ನು ನೀರಿನಲ್ಲಿ ಕುದಿಸಿ ಬಟ್ಟೆಯಲ್ಲಿ ಸೋಸುವ ಕ್ರಮವಿತ್ತು. ಮಲೆನಾಡಿನ ಬೆಲ್ಲದ ಕಾಫಿಯನ್ನು ಇಂದಿಗೂ ಹಲವರು ಹೀಗೆಯೇ ಮಾಡುತ್ತಾರೆ.

ಚಹಾ ಪ್ರಧಾನ ಪ್ರದೇಶಗಳಲ್ಲಿ

ಕಾಫಿ ರಾಜ್ಯದ ಪ್ರಮುಖ ಬೆಳೆಯಾದರೂ ಅದರ ಬಳಕೆ ಎಲ್ಲೆಡೆ ಒಂದೇ ಬಗೆಯದಲ್ಲ. ಹಳೆಯ ಮೈಸೂರು ಭಾಗದಲ್ಲಿ ಕಾಫಿ ದಿನಚರಿಯ ಅಂಗವಾಗಿದ್ದರೆ, ಉತ್ತರ ಕರ್ನಾಟಕದಲ್ಲಿ ಚಹಾದ ಬಳಕೆಯೇ ಹೆಚ್ಚು. ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ತಾಲ್ಲೂಕುಗಳು ಇದಕ್ಕೆ ಉದಾಹರಣೆ. ಈ ಪ್ರದೇಶ ೧೯೫೬ರ ರಾಜ್ಯ ಪುನರ್ವಿಂಗಡಣೆಯವರೆಗೆ ಹೈದರಾಬಾದ್ ರಾಜ್ಯದ ಭಾಗವಾಗಿತ್ತು. ಪುಣೆ–ಹೈದರಾಬಾದ್ ಹೆದ್ದಾರಿ ಹುಮನಾಬಾದಿನ ಮೂಲಕವೇ ಹಾದುಹೋಗುತ್ತದೆ. ಎರಡು ನಗರಗಳೂ ಚಹಾಕ್ಕೆ ಹೆಸರಾದವು. ಇಲ್ಲಿ ಅತಿಥಿಗೆ ಮೊದಲು ಬರುವುದು ಚಹಾ.

ಇಂತಹ ಊರುಗಳಲ್ಲಿ ಮನೆಯಲ್ಲಿ ಕಾಫಿ ಮಾಡುವವರಿಗೆ ಎದುರಾಗುವ ಮುಖ್ಯ ಪ್ರಶ್ನೆ ಪುಡಿಯ ತಾಜಾತನದ್ದು. ಬೆಂಗಳೂರು, ಮೈಸೂರುಗಳಲ್ಲಿ ಬಡಾವಣೆಯ ಅಂಗಡಿಯಲ್ಲಿ ಕಣ್ಣೆದುರೇ ಬೀಜ ಹುರಿದು ಬೀಸಿ ಕೊಡುವ ಪದ್ಧತಿಯಿದೆ. ತೋಟಗಳಿಂದ ದೂರದ ಊರುಗಳಿಗೆ ಪುಡಿ ಬಹುಮಟ್ಟಿಗೆ ಪೊಟ್ಟಣದಲ್ಲಿ ಬರುತ್ತದೆ. ಬೀಸಿದ ಪುಡಿ ಗಾಳಿ ಮತ್ತು ತೇವದ ಸಂಪರ್ಕದಿಂದ ಬೇಗ ಪರಿಮಳ ಕಳೆದುಕೊಳ್ಳುತ್ತದೆ. ಇಡೀ ಬೀಜ ಅದಕ್ಕಿಂತ ಹೆಚ್ಚು ಕಾಲ ಉಳಿಯುತ್ತದೆ. ಆದ್ದರಿಂದ ದೂರದ ಊರಿನಲ್ಲಿರುವವರಿಗೆ ದುಬಾರಿ ಯಂತ್ರಕ್ಕಿಂತ ಒಂದು ಒಳ್ಳೆಯ ಬೀಸುವ ಸಾಧನವೇ ಹೆಚ್ಚು ಪ್ರಯೋಜನಕಾರಿ.

ಗಟ್ಟಿತನ ಮತ್ತು ಕಹಿ

ಗಟ್ಟಿ ಕಾಫಿ ಎಂದರೆ ಕಹಿ ಕಾಫಿ ಎಂಬ ತಿಳಿವಳಿಕೆ ವ್ಯಾಪಕವಾಗಿದೆ. ವಾಸ್ತವದಲ್ಲಿ ಇವೆರಡೂ ಬೇರೆ. ಗಟ್ಟಿತನವೆಂದರೆ ನಿರ್ದಿಷ್ಟ ಪ್ರಮಾಣದ ದ್ರವದಲ್ಲಿ ಕರಗಿರುವ ಕಾಫಿಯ ಅಂಶ. ಹುರಿದ ಕಾಫಿಯಲ್ಲಿ ನೀರಿನಲ್ಲಿ ಕರಗಬಲ್ಲ ಅಂಶ ಶೇಕಡಾ ೩೦ರ ಆಸುಪಾಸಿನಲ್ಲಿದೆ. ಅದರಲ್ಲಿ ಪುಡಿಯ ತೂಕದ ಶೇಕಡಾ ೧೮ರಿಂದ ೨೨ರಷ್ಟು ಇಳಿದರೆ ರುಚಿ ಹದವಾಗಿರುತ್ತದೆ ಎಂಬುದು ಸಾಮಾನ್ಯವಾಗಿ ಒಪ್ಪಿತವಾದ ಅಳತೆ. ಅದಕ್ಕಿಂತ ಕಡಿಮೆಯಾದರೆ ಹುಳಿ ಹುಳಿಯಾದ ಸಪ್ಪೆ ರುಚಿ, ಹೆಚ್ಚಾದರೆ ಒಗರು ಮತ್ತು ಕಹಿ ಬರುತ್ತವೆ. ಗಟ್ಟಿ ಕಾಫಿ ಬೇಕೆಂದು ಅದೇ ಪುಡಿಗೆ ಎರಡನೆಯ ಬಾರಿ ನೀರು ಹಾಕುವುದು ಅಥವಾ ಡಿಕಾಕ್ಷನ್ನನ್ನು ಕುದಿಸುವುದು ಕಹಿಯನ್ನಷ್ಟೇ ಹೆಚ್ಚಿಸುತ್ತದೆ. ಗಟ್ಟಿತನಕ್ಕೆ ಸರಿಯಾದ ದಾರಿ ಪುಡಿಯನ್ನು ಹೆಚ್ಚಿಸುವುದು ಅಥವಾ ನೀರನ್ನು ಕಡಿಮೆ ಮಾಡುವುದು.

ಬೀಜದ ಜಾತಿಯೂ ಮುಖ್ಯ. ಅರೇಬಿಕಾದಲ್ಲಿ ಕೆಫೀನ್ ಸುಮಾರು ಶೇಕಡಾ ೧.೨, ರೊಬಸ್ಟಾದಲ್ಲಿ ಸುಮಾರು ೨.೨ ಇರುತ್ತದೆ. ಅರೇಬಿಕಾ ಪರಿಮಳಕ್ಕೂ ರೊಬಸ್ಟಾ ಗಾಢತೆಗೂ ಹೆಸರಾಗಿವೆ. ಫಿಲ್ಟರ್ ಕಾಫಿಗೆ ಎರಡನ್ನೂ ಬೆರೆಸುವುದು ವಾಡಿಕೆ.

ಚಿಕೋರಿ ಕಾಫಿಯಲ್ಲ. ಅದು ಬೇರೊಂದು ಗಿಡದ ಬೇರನ್ನು ಹುರಿದು ಮಾಡಿದ ಪುಡಿ. ಅದರಲ್ಲಿ ಕೆಫೀನ್ ಇಲ್ಲ. ಅದು ಡಿಕಾಕ್ಷನ್ನಿಗೆ ಕಪ್ಪು ಬಣ್ಣ ಮತ್ತು ಮಂದತೆ ಕೊಡುವುದರಿಂದ ನೋಟಕ್ಕೆ ಕಾಫಿ ಗಟ್ಟಿಯಾಗಿರುವಂತೆ ಕಾಣುತ್ತದೆ. ಭಾರತದ ಆಹಾರ ಸುರಕ್ಷತಾ ನಿಯಮಗಳ ಪ್ರಕಾರ ಕಾಫಿ-ಚಿಕೋರಿ ಮಿಶ್ರಣದಲ್ಲಿ ಕನಿಷ್ಠ ಶೇಕಡಾ ೫೧ರಷ್ಟು ಕಾಫಿ ಇರಬೇಕು ಮತ್ತು ಎರಡರ ಪ್ರಮಾಣವನ್ನೂ ಪೊಟ್ಟಣದ ಮೇಲೆ ನಮೂದಿಸಬೇಕು. ಪೊಟ್ಟಣ ಕೊಳ್ಳುವವರು ಮೊದಲು ಓದಬೇಕಾದದ್ದು ಈ ಸಾಲನ್ನು.

ಲೋಹದ ಫಿಲ್ಟರ್

ಫಿಲ್ಟರಿನಲ್ಲಿ ನಾಲ್ಕು ಭಾಗಗಳಿರುತ್ತವೆ: ತಳದಲ್ಲಿ ಸಣ್ಣ ರಂಧ್ರಗಳುಳ್ಳ ಮೇಲಿನ ಪಾತ್ರೆ, ಡಿಕಾಕ್ಷನ್ ಸಂಗ್ರಹವಾಗುವ ಕೆಳಗಿನ ಪಾತ್ರೆ, ಪುಡಿಯ ಮೇಲೆ ಇಡುವ ಹಿಡಿಯುಳ್ಳ ರಂಧ್ರದ ಬಿಲ್ಲೆ ಮತ್ತು ಮುಚ್ಚಳ. ಇದು ಕೆಲಸ ಮಾಡುವುದು ಗುರುತ್ವಾಕರ್ಷಣೆಯಿಂದ ಮಾತ್ರ. ನೀರು ಪುಡಿಯ ಮೂಲಕ ನಿಧಾನವಾಗಿ ಇಳಿಯುವುದರಿಂದ ಒತ್ತಡವಿಲ್ಲದೆಯೇ ಗಟ್ಟಿ ರಸ ಸಿಗುತ್ತದೆ. ವಿದ್ಯುತ್ತಾಗಲಿ ಕಾಗದವಾಗಲಿ ಬೇಕಿಲ್ಲ, ಕೆಡುವ ಭಾಗಗಳೂ ಇಲ್ಲ.

ಕೊಳ್ಳುವಾಗ ಗಮನಿಸಬೇಕಾದ ಅಂಶಗಳು:

• ರಂಧ್ರಗಳು: ಸಣ್ಣವಾಗಿ, ಸಮಾನ ಅಂತರದಲ್ಲಿರಬೇಕು. ಬೆಳಕಿಗೆ ಹಿಡಿದು ನೋಡಿದರೆ ಮುಚ್ಚಿದ ರಂಧ್ರಗಳು ಗೊತ್ತಾಗುತ್ತವೆ. ರಂಧ್ರ ದೊಡ್ಡದಾದರೆ ಡಿಕಾಕ್ಷನ್ನಿನಲ್ಲಿ ಚರಟ ಇಳಿಯುತ್ತದೆ.
• ಅಳತೆ: ಮನೆಯವರ ಸಂಖ್ಯೆಗೆ ತಕ್ಕಷ್ಟಿರಬೇಕು. ದೊಡ್ಡ ಫಿಲ್ಟರಿನಲ್ಲಿ ಸ್ವಲ್ಪವೇ ಪುಡಿ ಹಾಕಿದರೆ ಪದರ ತೆಳುವಾಗಿ ನೀರು ಬೇಗ ಇಳಿದುಹೋಗುತ್ತದೆ, ಡಿಕಾಕ್ಷನ್ ತೆಳುವಾಗುತ್ತದೆ. ಇಬ್ಬರಿಗೆ ಒಂದು, ನೆಂಟರು ಬಂದಾಗಿಗೆ ಒಂದು ಎಂದು ಎರಡು ಫಿಲ್ಟರ್ ಇಟ್ಟುಕೊಳ್ಳುವ ರೂಢಿ ಇದರಿಂದಲೇ ಬಂದುದು.
• ಜೋಡಣೆ: ಮೇಲಿನ ಪಾತ್ರೆ ಕೆಳಗಿನದರ ಮೇಲೆ ಅಲುಗದೆ ಕೂರಬೇಕು. ಆದರೆ ಬಿಗಿಯಾಗಿ ಕಚ್ಚಿಕೊಂಡರೆ ಒಳಗಿನ ಗಾಳಿ ಹೊರಹೋಗಲಾಗದೆ ಹನಿ ಬೀಳುವುದು ನಿಲ್ಲುತ್ತದೆ.
• ಲೋಹ: ಸ್ಟೀಲಿನದು ಬಾಳಿಕೆ ಬರುತ್ತದೆ, ತೊಳೆಯಲು ಸುಲಭ. ಹಿತ್ತಾಳೆಯದು ಶಾಖವನ್ನು ಹೆಚ್ಚು ಕಾಲ ಹಿಡಿಯುತ್ತದೆಂದು ಮೆಚ್ಚುವವರಿದ್ದಾರೆ. ಕಾಫಿ ತುಸು ಆಮ್ಲೀಯವಾದುದರಿಂದ ಹಿತ್ತಾಳೆಯ ಒಳಭಾಗಕ್ಕೆ ಕಲಾಯಿ ಇರಬೇಕು ಮತ್ತು ಅದು ಸವೆದಾಗ ಮತ್ತೆ ಹಾಕಿಸಬೇಕು. ಕಲಾಯಿ ಹಾಕುವವರು ಸುಲಭವಾಗಿ ಸಿಗದ ಊರಿನಲ್ಲಿ ಸ್ಟೀಲೇ ಸೂಕ್ತ.

ಬಳಸುವ ಕ್ರಮ

೩೦ ಗ್ರಾಂ ಪುಡಿಗೆ ಸುಮಾರು ೧೮೦ ಮಿಲಿ ಲೀಟರ್ ನೀರು ಹಾಕಬಹುದು. ಪುಡಿ ತನ್ನ ತೂಕದ ಸುಮಾರು ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುವುದರಿಂದ ಸುಮಾರು ೧೨೦ ಮಿಲಿ ಲೀಟರ್ ಡಿಕಾಕ್ಷನ್ ದೊರೆಯುತ್ತದೆ. ಒಂದು ಲೋಟಕ್ಕೆ ೩೦ರಿಂದ ೪೦ ಮಿಲಿ ಲೀಟರಿನಂತೆ ಇದು ಮೂರು ಅಥವಾ ನಾಲ್ಕು ಲೋಟಗಳಿಗೆ ಸಾಕು. ಪುಡಿಯನ್ನು ಹರಡಿ ಬಿಲ್ಲೆಯನ್ನು ಹಗುರವಾಗಿ ಇಡಬೇಕು. ಬಲವಾಗಿ ಒತ್ತಿದರೆ ನೀರು ಇಳಿಯುವುದಿಲ್ಲ. ಮೊದಲು ಪುಡಿ ನೆನೆಯುವಷ್ಟು ನೀರು ಹಾಕಿ ಅರ್ಧ ನಿಮಿಷ ಬಿಟ್ಟು ಉಳಿದುದನ್ನು ಸುರಿಯಬೇಕು.

ನೀರಿನ ಶಾಖ ೯೦ರಿಂದ ೯೬ ಡಿಗ್ರಿ ಸೆಲ್ಸಿಯಸ್ ಇರುವುದು ಒಳ್ಳೆಯದು. ಬಸವಕಲ್ಯಾಣ ಮತ್ತು ಹುಮನಾಬಾದ್ ಸಮುದ್ರಮಟ್ಟದಿಂದ ೬೦೦ ಮೀಟರಿಗೂ ಮೇಲಿರುವುದರಿಂದ ಅಲ್ಲಿ ನೀರು ಸುಮಾರು ೯೮ ಡಿಗ್ರಿಗೆ ಕುದಿಯುತ್ತದೆ. ಕುದಿ ನಿಂತ ಒಡನೆ ಸುರಿದರೆ ಶಾಖ ಸರಿಹೋಗುತ್ತದೆ. ಡಿಕಾಕ್ಷನ್ ಇಳಿಯಲು ಸಾಮಾನ್ಯವಾಗಿ ೧೫ರಿಂದ ೩೦ ನಿಮಿಷ ಬೇಕು. ಐದು ನಿಮಿಷದಲ್ಲೇ ಇಳಿದರೆ ಪುಡಿ ತರಿಯಾಗಿದೆ ಎಂದೂ, ಗಂಟೆಯಾದರೂ ಇಳಿಯದಿದ್ದರೆ ಪುಡಿ ತೀರ ನಯವಾಗಿದೆ ಅಥವಾ ರಂಧ್ರ ಕಟ್ಟಿದೆ ಎಂದೂ ತಿಳಿಯಬೇಕು.

ಬೀಸುವ ಸಾಧನಗಳು

ಅಡುಗೆಮನೆಯ ಮಿಕ್ಸಿಯ ಅಲಗು ಬೀಜವನ್ನು ಕೊಚ್ಚುತ್ತದೆ. ಹಾಗಾಗಿ ಒಂದೇ ಹಿಡಿಯಲ್ಲಿ ಹಿಟ್ಟಿನಷ್ಟು ನಯವಾದ ಕಣವೂ ರವೆಯಂತಹ ಕಣವೂ ಇರುತ್ತವೆ. ನಯವಾದದ್ದು ಕಹಿ ಬಿಡುತ್ತದೆ, ದಪ್ಪನೆಯದು ಸಪ್ಪೆಯಾಗಿಯೇ ಉಳಿಯುತ್ತದೆ. ಎರಡು ಹಲ್ಲುಬಿಲ್ಲೆಗಳ ನಡುವೆ ಬೀಜವನ್ನು ಅರೆಯುವ ಸಾಧನದಲ್ಲಿ ಕಣಗಳು ಹೆಚ್ಚು ಸಮಾನವಾಗಿರುತ್ತವೆ. ಇದರ ಕೈತಿರುವಿನ ಮಾದರಿ ಅಗ್ಗವಾಗಿದ್ದು ವಿದ್ಯುತ್ ಬೇಡುವುದಿಲ್ಲ. ಮಿಕ್ಸಿಯನ್ನೇ ಬಳಸುವುದಾದರೆ ಕೆಲವೇ ಸೆಕೆಂಡುಗಳಂತೆ ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು, ಇಲ್ಲವಾದರೆ ಪುಡಿ ಬಿಸಿಯಾಗಿ ಪರಿಮಳ ಹಾರಿಹೋಗುತ್ತದೆ. ಮಸಾಲೆ ಅರೆಯುವ ಜಾರಿನಲ್ಲಿ ಕಾಫಿ ಬೀಸಬಾರದು, ಅದರ ವಾಸನೆ ಕಾಫಿಗೆ ಹತ್ತುತ್ತದೆ.

ಇತರ ಉಪಕರಣಗಳು

• ಮೋಕಾ ಪಾಟ್: ೧೯೩೩ರಲ್ಲಿ ಇಟಲಿಯ ಅಲ್ಫೊನ್ಸೊ ಬಿಯಾಲೆಟ್ಟಿ ಅವರ ಹೆಸರಿನೊಂದಿಗೆ ಬಳಕೆಗೆ ಬಂದಿತು. ಒಲೆಯ ಮೇಲಿಟ್ಟಾಗ ಆವಿಯ ಒತ್ತಡ ನೀರನ್ನು ಪುಡಿಯ ಮೂಲಕ ಮೇಲಕ್ಕೆ ತಳ್ಳುತ್ತದೆ. ಕೆಲವೇ ನಿಮಿಷಗಳಲ್ಲಿ ಗಟ್ಟಿ ಕಾಫಿ ಸಿದ್ಧವಾಗುತ್ತದೆ. ಸುರಕ್ಷತಾ ಕವಾಟದ ಮಟ್ಟಕ್ಕಿಂತ ಕೆಳಗೆ ನೀರು ತುಂಬಬೇಕು. ಅಲ್ಯೂಮಿನಿಯಂ ಮಾದರಿ ಇಂಡಕ್ಷನ್ ಒಲೆಯ ಮೇಲೆ ಕೆಲಸ ಮಾಡುವುದಿಲ್ಲ.
• ಫ್ರೆಂಚ್ ಪ್ರೆಸ್: ತರಿಪುಡಿಯನ್ನು ಬಿಸಿ ನೀರಿನಲ್ಲಿ ಸುಮಾರು ನಾಲ್ಕು ನಿಮಿಷ ನೆನೆಸಿ ಜಾಲರಿಯನ್ನು ಕೆಳಗೆ ಒತ್ತಲಾಗುತ್ತದೆ. ಹಾಲಿಲ್ಲದ ಕಾಫಿಗೆ ಒಪ್ಪುತ್ತದೆ. ಹಾಲು ಬೆರೆಸಲು ಇದರ ರಸ ತೆಳುವಾಗುತ್ತದೆ.
• ಕಾಗದದ ಸೋಸುಕ: ೧೯೦೮ರಲ್ಲಿ ಜರ್ಮನಿಯ ಮೆಲಿಟ್ಟಾ ಬೆಂಟ್ಸ್ ರೂಪಿಸಿದರು. ತಿಳಿಯಾದ ಕಾಫಿ ಕೊಡುತ್ತದೆ. ಕಾಗದವನ್ನು ಪ್ರತಿಬಾರಿ ಬದಲಿಸಬೇಕು.
• ಎಸ್ಪ್ರೆಸೊ ಯಂತ್ರ: ಸುಮಾರು ೯ ಬಾರ್ ಒತ್ತಡದಲ್ಲಿ ಅರ್ಧ ನಿಮಿಷದೊಳಗೆ ರಸ ತೆಗೆಯುತ್ತದೆ. ಎಲ್ಲಕ್ಕಿಂತ ಗಟ್ಟಿಯಾದ ಕಾಫಿ ಇದರದು, ಎಲ್ಲಕ್ಕಿಂತ ಹೆಚ್ಚಿನ ಬೆಲೆಯೂ ಇದರದೇ. ಸಮಾನವಾಗಿ ಬೀಸುವ ಸಾಧನವಿಲ್ಲದೆ ಇದರ ಪೂರ್ಣ ಪ್ರಯೋಜನ ಸಿಗುವುದಿಲ್ಲ. ದುರಸ್ತಿ ಮಾಡುವವರು ಹತ್ತಿರದಲ್ಲಿದ್ದಾರೆಯೇ ಎಂದು ಕೊಳ್ಳುವ ಮೊದಲೇ ವಿಚಾರಿಸಬೇಕು.

ನೀರು ಮತ್ತು ನಿರ್ವಹಣೆ

ಗಡಸು ನೀರಿನಿಂದ ಪರಿಮಳ ಮಂಕಾಗುತ್ತದೆ, ಯಂತ್ರಗಳ ಒಳಗೆ ಸುಣ್ಣದ ಪದರ ಕಟ್ಟುತ್ತದೆ. ಲವಣಾಂಶ ಬಹುಪಾಲು ತೆಗೆದುಹಾಕಿದ ನೀರಿನಲ್ಲಿಯೂ ಕಾಫಿ ಸಪ್ಪೆಯಾಗುತ್ತದೆ. ಕೊಳವೆಬಾವಿಯ ನೀರು ಗಡಸಾಗಿದ್ದರೆ ಅದಕ್ಕೆ ಶುದ್ಧೀಕರಿಸಿದ ನೀರನ್ನು ಬೆರೆಸಿ ಬಳಸಬಹುದು.

ಫಿಲ್ಟರನ್ನು ಬಳಸಿದ ದಿನವೇ ತೊಳೆದು ಒಣಗಿಸಬೇಕು. ರಂಧ್ರಗಳಲ್ಲಿ ಉಳಿದ ಎಣ್ಣೆಯಂಶ ಹಳಸಿ ಮರುದಿನದ ಕಾಫಿಗೆ ಕಮಟು ತರುತ್ತದೆ. ಕಟ್ಟಿದ ರಂಧ್ರಗಳನ್ನು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಕುದಿಸಿ ಬಿಡಿಸಬಹುದು. ಸೂಜಿಯಿಂದ ಚುಚ್ಚಿದರೆ ರಂಧ್ರ ದೊಡ್ಡದಾಗುತ್ತದೆ. ಚರಟವನ್ನು ಗಿಡಗಳ ಗೊಬ್ಬರದ ಗುಂಡಿಗೆ ಹಾಕಬಹುದು.

ಆರೋಗ್ಯ

ಆರೋಗ್ಯವಂತ ವಯಸ್ಕರಿಗೆ ದಿನಕ್ಕೆ ೪೦೦ ಮಿಲಿಗ್ರಾಂ, ಗರ್ಭಿಣಿಯರಿಗೆ ೨೦೦ ಮಿಲಿಗ್ರಾಂವರೆಗಿನ ಕೆಫೀನ್ ಸುರಕ್ಷಿತವೆಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಅಭಿಪ್ರಾಯಪಟ್ಟಿದೆ. ಕಾಫಿಯ ಎಣ್ಣೆಯಲ್ಲಿರುವ ಕೆಫೆಸ್ಟಾಲ್ ಎಂಬ ವಸ್ತು ರಕ್ತದ ಕೊಲೆಸ್ಟರಾಲನ್ನು ಹೆಚ್ಚಿಸಬಲ್ಲದು. ಕುದಿಸಿ ಸೋಸದ ಕಾಫಿ ಮತ್ತು ಫ್ರೆಂಚ್ ಪ್ರೆಸ್ ಕಾಫಿಯಲ್ಲಿ ಇದು ಹೆಚ್ಚು. ಕಾಗದದ ಸೋಸುಕ ಇದನ್ನು ಬಹುಮಟ್ಟಿಗೆ ತಡೆಯುತ್ತದೆ. ಕೊಲೆಸ್ಟರಾಲಿನ ತೊಂದರೆಯುಳ್ಳವರು ಉಪಕರಣ ಆರಿಸುವಾಗ ಇದನ್ನು ಗಮನಿಸಬೇಕು.

ಆಯ್ಕೆಯ ಸಾರಾಂಶ

ಹಾಲು ಬೆರೆಸಿದ ಗಟ್ಟಿ ಕಾಫಿ ಬಯಸುವ ಮನೆಗೆ ಸರಿಯಾದ ಅಳತೆಯ ಸ್ಟೀಲ್ ಫಿಲ್ಟರ್, ಕೈತಿರುವಿನ ಬೀಸುವ ಸಾಧನ ಮತ್ತು ಗಾಳಿಯಾಡದ ಡಬ್ಬಿ ಸಾಕಾಗುತ್ತವೆ. ಬೆಳಗಿನ ಹೊತ್ತು ಕಾಯಲು ಸಮಯವಿಲ್ಲದವರಿಗೆ ಮೋಕಾ ಪಾಟ್ ಅನುಕೂಲ. ಹಾಲಿಲ್ಲದೆ ಕುಡಿಯುವವರಿಗೆ ಫ್ರೆಂಚ್ ಪ್ರೆಸ್ ಅಥವಾ ಕಾಗದದ ಸೋಸುಕ ಒಪ್ಪುತ್ತದೆ. ಹಣ ಸೀಮಿತವಾಗಿದ್ದರೆ ಮೊದಲು ಒಳ್ಳೆಯ ಬೀಜಕ್ಕೆ, ನಂತರ ಬೀಸುವ ಸಾಧನಕ್ಕೆ, ಕೊನೆಗೆ ರಸ ಇಳಿಸುವ ಉಪಕರಣಕ್ಕೆ ವ್ಯಯಿಸುವುದು ಸೂಕ್ತ.

ಇವನ್ನೂ ನೋಡಿ

• ಕಾಫಿ
• ಚಿಕೋರಿ
• ಬಾಬಾಬುಡನ್‌ಗಿರಿ
• ಭಾರತೀಯ ಕಾಫಿ ಮಂಡಳಿ