ಅಂಚೆ ಯಾರ ಸೊತ್ತು?

ಆನವಟ್ಟಿಯಲ್ಲಿ ಬಸ್ಸಿನಿಂದ ಇಳಿದವರಿಗೆ ಕುಬಟೂರು ದೂರವೇನಲ್ಲ. ಸುಮಾರು 1100ರ ಹೊತ್ತಿಗೆ ಕಟ್ಟಿದ ಅಲ್ಲಿಯ ಕೈಟಭೇಶ್ವರ ದೇವಾಲಯವನ್ನು ಕಂಡು ಬರುವವರು ಇಂದಿಗೂ ಉಂಟು. ಹಿಂದಿನ ಕುಂತಳ ನಗರ ಇದೇ ಎಂದೂ ಚಂದ್ರಹಾಸನ ಕಥೆ ನಡೆದುದು ಇಲ್ಲಿಯೇ ಎಂದೂ ಈ ಸೀಮೆಯವರ ನಂಬಿಕೆ. ಲಕ್ಷ್ಮೀಶನ ಜೈಮಿನಿ ಭಾರತವನ್ನು ಓದಿದವರಿಗೆ, ಗಮಕಿಗಳಿಂದ ಕೇಳಿದವರಿಗೆ, ಆ ಕಥೆಯನ್ನು ಮತ್ತೆ ಹೇಳಬೇಕಾದುದಿಲ್ಲ. ಮಂತ್ರಿ ದುಷ್ಟಬುದ್ಧಿ ತನ್ನ ಮಗ ಮದನನಿಗೆ ಒಂದು ಓಲೆ ಬರೆದು, ಅದನ್ನು ಚಂದ್ರಹಾಸನ ಕೈಯಲ್ಲಿಯೇ ಕೊಟ್ಟು ಕಳುಹಿಸುತ್ತಾನೆ. ಓಲೆ ತಂದವನಿಗೆ ವಿಷ ಕೊಡು ಎಂದು ಅದರ ಒಕ್ಕಣೆ. ದಣಿದ ಹುಡುಗ ಊರಹೊರಗಿನ ತೋಟದಲ್ಲಿ ಮಲಗಿ ನಿದ್ರಿಸುತ್ತಾನೆ. ಮಂತ್ರಿಯ ಮಗಳು ವಿಷಯೆ ಅಲ್ಲಿಗೆ ಬಂದು ಓಲೆಯನ್ನು ಬಿಚ್ಚಿ ಓದಿ, ಕಣ್ಣ ಕಾಡಿಗೆಯಿಂದ ಅಕ್ಷರ ತಿದ್ದಿ, ವಿಷವನ್ನು ವಿಷಯೆಯನ್ನಾಗಿ ಮಾಡುತ್ತಾಳೆ. ಹುಡುಗನಿಗೆ ವಿಷದ ಬದಲು ಹೆಣ್ಣು ದೊರೆಯುತ್ತದೆ.

ಕಥೆ ಮಂಗಳದಲ್ಲಿ ಮುಗಿಯುವುದರಿಂದ ನಾವು ಒಂದು ಸಂಗತಿಯನ್ನು ಮರೆಯುತ್ತೇವೆ. ಬರೆದವನ ಓಲೆ ಬರೆದಂತೆ ತಲಪಲಿಲ್ಲ. ದಾರಿಯಲ್ಲಿ ಬೇರೆಯವರು ಒಡೆದರು, ಓದಿದರು, ತಿದ್ದಿದರು. ಕಾಗದವನ್ನು ಯಾರ ಕೈಗೆ ಕೊಡಬೇಕು, ಯಾರನ್ನು ನಂಬಬೇಕು ಎಂಬುದು ಅಂಚೆಯ ಮೊದಲ ಪ್ರಶ್ನೆ. ಅಂಚೆಯನ್ನು ಸರ್ಕಾರವೇ ನಡೆಸಬೇಕೋ ಖಾಸಗಿಯವರಿಗೆ ಒಪ್ಪಿಸಬೇಕೋ ಎಂಬ ಚರ್ಚೆ ಈಗ ಮತ್ತೆ ಮತ್ತೆ ಏಳುತ್ತಿದೆ. ಆ ಚರ್ಚೆಗೆ ನಮ್ಮ ನಾಡಿನ ಚರಿತ್ರೆಯಲ್ಲಿ ತಕ್ಕ ಸಾಮಗ್ರಿ ಇದೆ. ಮೈಸೂರು ಸಂಸ್ಥಾನಕ್ಕೆ ತನ್ನದೇ ಆದ ಅಂಚೆ ಇದ್ದಿತು. ಅದನ್ನು ಅದು ಒಂದು ದಿನ ಬೇರೊಬ್ಬರಿಗೆ ಒಪ್ಪಿಸಿಯೂ ಬಿಟ್ಟಿತು.

ಆ ಅಂಚೆಯನ್ನು ಸ್ಥಾಪಿಸಿದವನು ಚಿಕ್ಕದೇವರಾಜ ಒಡೆಯರು, 1672ರಿಂದ 1704ರ ವರೆಗೆ ಆಳಿದ ದೊರೆ. ಅವನ ಅಠಾರ ಕಚೇರಿಗಳಲ್ಲಿ ಅಂಚೆಯೂ ಒಂದು. ಇದನ್ನು ಹೆಮ್ಮೆಯಿಂದ ಹೇಳಿಕೊಳ್ಳುವುದು ನಮ್ಮಲ್ಲಿ ವಾಡಿಕೆ; ಹೆಮ್ಮೆಪಡಬಾರದೆಂದೂ ನಾನು ಹೇಳುವುದಿಲ್ಲ. ಆದರೆ ಮೈಸೂರಿನ ಚರಿತ್ರೆ ಬರೆದ ವಿಲ್ಕ್ಸ್ ಸಾಹೇಬನು 1810ರಲ್ಲಿ ಪ್ರಕಟವಾದ ತನ್ನ ಗ್ರಂಥದಲ್ಲಿ ಈ ಅಂಚೆಯ ಇನ್ನೊಂದು ಮುಖವನ್ನು ತೋರಿಸಿದ್ದಾನೆ. ಅವನ ಪ್ರಕಾರ, ಸುದ್ದಿಯನ್ನು ಸಾಗಿಸುವುದರ ಜತೆಗೆ ಸುದ್ದಿಯನ್ನು ಹೆಕ್ಕುವುದೂ ಅದರ ಕೆಲಸವಾಗಿದ್ದಿತು. ಅಂಚೆಯ ಮುಖ್ಯಸ್ಥರು ಅರಮನೆಯ ಆಪ್ತರು. ಕೆಳಗಿನ ನೌಕರರು ಗೂಢಚಾರರು. ಸೀಮೆಯಲ್ಲಿ ಗುಟ್ಟಾಗಿ ನಡೆದುದೆಲ್ಲ ಅವರ ಮೂಲಕ ರಾಜಧಾನಿಗೆ ಮುಟ್ಟುತ್ತಲಿತ್ತು. ಹೈದರನ ಕಾಲಕ್ಕೆ ಈ ಉಪಕರಣ ಇನ್ನಷ್ಟು ಹರಿತವಾಯಿತು. ಆನವಟ್ಟಿ, ಸೊರಬದ ಸೀಮೆ ಕೆಳದಿಯ ಅರಸರ ಕೈಯಿಂದ ಹೈದರನ ಕೈಗೆ ಬಂದುದು 1763ರಲ್ಲಿ. ಈ ಭಾಗದ ಜನರಿಗೆ ಮೈಸೂರಿನ ಅಂಚೆಯ ಪರಿಚಯವಾದುದು ಅದು ಅತ್ಯಂತ ಹರಿತವಾಗಿದ್ದ ಕಾಲದಲ್ಲಿಯೇ ಎಂದಾಯಿತು.

ಹೀಗಾಗಿ, ಅಂಚೆ ಸರ್ಕಾರದ ಕೈಯಲ್ಲಿದ್ದರೆ ಅದು ತಾನಾಗಿಯೇ ಪವಿತ್ರವೆಂದು ವಾದಿಸುವವರಿಗೆ ನಮ್ಮ ಚರಿತ್ರೆ ಆಧಾರ ಒದಗಿಸುವುದಿಲ್ಲ. ಸರ್ಕಾರದ ಅಂಚೆ ಹುಟ್ಟಿದುದು ಪ್ರಜೆಯ ಕಾಗದಕ್ಕಾಗಿ ಅಲ್ಲ, ಅರಸನ ಕಿವಿಯಾಗಿ. ಅದು ಪ್ರಜೆಯ ಸೇವೆಯಾಗಿ ಬದಲಾದುದು ನಿಧಾನವಾಗಿ, ವಿಶೇಷವಾಗಿ ಕಳೆದ ಶತಮಾನಕ್ಕೆ ಹಿಂದಿನ ಶತಮಾನದಲ್ಲಿ. 1831ರಲ್ಲಿ ನಗರದ ದಂಗೆಯ ನೆಪದಿಂದ ಇಂಗ್ಲಿಷರು ಮೈಸೂರಿನ ಆಡಳಿತವನ್ನು ವಹಿಸಿಕೊಂಡ ಮೇಲೆ, ಕಮಿಷನರರ ಕಾಲದಲ್ಲಿ, ಹಳೆಯ ಅಂಚೆ ಮುಂದುವರಿಯಿತು. ರೈತರ, ವರ್ತಕರ ಕಾಗದಗಳೂ ಅದರ ಚೀಲ ಸೇರಿದವು. ಕಂಪೆನಿಯ ಅಂಚೆ ಮುಖ್ಯ ಹೆದ್ದಾರಿಗಳನ್ನೂ ದಂಡಿನ ಊರುಗಳನ್ನೂ ನೋಡಿಕೊಂಡರೆ, ಒಳನಾಡಿನ ಹೋಬಳಿಗಳನ್ನು ಮೈಸೂರಿನ ಅಂಚೆಯೇ ನೋಡಿಕೊಳ್ಳಬೇಕಾಗಿದ್ದಿತು. ಮಲೆನಾಡಿನ ಮಳೆಗಾಲದಲ್ಲಿ, ವರದೆಯೂ ದಂಡಾವತಿಯೂ ತುಂಬಿ ಹರಿಯುವಾಗ, ಗೆಜ್ಜೆ ಕಟ್ಟಿದ ಕೋಲು ಹಿಡಿದು ಓಡುತ್ತಿದ್ದ ಅಂಚೆಯಾಳಿನ ಪಾಡನ್ನು ಓದುಗರೇ ಊಹಿಸಿಕೊಳ್ಳಬಹುದು.

ಆನವಟ್ಟಿಯ ಸ್ಥಾನ ಈ ದೃಷ್ಟಿಯಿಂದ ಸ್ವಾರಸ್ಯವಾದುದು. ಇದು ಗಡಿಯ ಊರು. ಉತ್ತರಕ್ಕೆ ಹೋದರೆ ಹಾನಗಲ್ಲು, ಆಗಿನ ಮುಂಬಯಿ ಪ್ರಾಂತದ ಧಾರವಾಡ ಜಿಲ್ಲೆ. ಪಶ್ಚಿಮಕ್ಕೆ ಬನವಾಸಿ, ಅದು ಉತ್ತರ ಕನ್ನಡದಲ್ಲಿ, 1862ರ ವರೆಗೆ ಮದರಾಸಿಗೂ ಆಮೇಲೆ ಮುಂಬಯಿಗೂ ಸೇರಿದ್ದು. ಸಂತೆಗೂ ಸಂಬಂಧಕ್ಕೂ ಜನ ಒಂದೇ, ಮಾತು ಒಂದೇ; ಕಾಗದ ಒಯ್ಯುವ ಸರ್ಕಾರ ಮಾತ್ರ ಬೇರೆ ಬೇರೆ. ಹಾನಗಲ್ಲಿನ ಕಡೆಯವರು ‘ಟಪಾಲು’ ಎಂದರೆ ಆನವಟ್ಟಿಯವರು ‘ಅಂಚೆ’ ಎನ್ನುತ್ತಿದ್ದರು. ಒಂದು ಮರಾಠಿಯ ದಾರಿಯಿಂದ ಬಂದ ಮಾತು. ಇನ್ನೊಂದಕ್ಕೆ ಹಂಸ ಎಂಬ ಅರ್ಥವೂ ಕನ್ನಡದಲ್ಲಿ ಇರುವುದರಿಂದ, ನಳನ ಸುದ್ದಿಯನ್ನು ದಮಯಂತಿಗೆ ಒಯ್ದ ಹಂಸಕ್ಕೂ ಇದಕ್ಕೂ ಕೆಲವರು ನಂಟು ಹಚ್ಚುತ್ತಾರೆ. ನಂಟು ನಿಜವೋ ಸುಳ್ಳೋ, ಹೆಸರೇನೋ ಚೆನ್ನಾಗಿದೆ.

ಇನ್ನು ದರದ ವಿಚಾರ. ಇಡೀ ಪ್ರಶ್ನೆಯ ತಿರುಳು ಇರುವುದು ಇಲ್ಲಿ. ಕಂಪೆನಿ ಸರ್ಕಾರ 1837ರಲ್ಲಿ ಒಂದು ಕಾನೂನು ಮಾಡಿ, ತನ್ನ ಪ್ರಾಂತಗಳಲ್ಲಿ ಕೂಲಿಗೆ ಕಾಗದ ಒಯ್ಯುವ ಹಕ್ಕು ತನಗೊಂದಕ್ಕೇ ಎಂದು ಸಾರಿತು. ಅದಕ್ಕೆ ಮೊದಲು ವರ್ತಕರು ತಮ್ಮ ತಮ್ಮ ಓಟದಾಳುಗಳನ್ನು ಇಟ್ಟುಕೊಂಡಿದ್ದರು. ಖಾಸಗಿ ಅಂಚೆ ಎಂಬುದು ಈ ದೇಶಕ್ಕೆ ಹೊಸತಲ್ಲ. ಆದರೆ ಏಕಸ್ವಾಮ್ಯ ಬಂದಾಕ್ಷಣ ಜನಕ್ಕೆ ಅಗ್ಗವಾಯಿತೆ? ಇಲ್ಲ. ದೂರ ಹೆಚ್ಚಿದಂತೆ ದರವೂ ಹೆಚ್ಚು. ಕಲ್ಕತ್ತೆಯಿಂದ ಮುಂಬಯಿಗೆ ಒಂದು ತೊಲ ತೂಕದ ಕಾಗದಕ್ಕೆ ಒಂದು ರೂಪಾಯಿ, ಆಗ್ರಾಕ್ಕೆ 12 ಆಣೆ. ಅಂದಿನ ಒಂದು ರೂಪಾಯಿ ಎಂದರೆ ಕೂಲಿಯವನ ಎಷ್ಟು ದಿನದ ಗಂಜಿ! ಬದಲಾವಣೆ ಬಂದುದು 1854ರಲ್ಲಿ. ಇಂಗ್ಲೆಂಡಿನಲ್ಲಿ ರೋಲಂಡ್ ಹಿಲ್ 1840ರಲ್ಲಿ ತಂದ ತತ್ತ್ವವೇ ಇಲ್ಲಿಗೂ ಬಂದಿತು. ದೂರವನ್ನು ಲೆಕ್ಕಿಸದೆ, ತೂಕವನ್ನು ಮಾತ್ರ ನೋಡಿ, ದೇಶಕ್ಕೆಲ್ಲ ಒಂದೇ ದರ. ಹಗುರವಾದ ಕಾಗದಕ್ಕೆ ಅರ್ಧ ಆಣೆ. 1879ರಲ್ಲಿ ಕಾಲಾಣೆಯ ಕಾರ್ಡು ಬಂತು.

ಇದರ ಅರ್ಥವೇನು? ಪೇಟೆಯಿಂದ ಪೇಟೆಗೆ ಹೋಗುವ ಕಾಗದಕ್ಕೆ ಖರ್ಚು ಕಡಿಮೆ, ಕಾಡಿನೊಳಗಿನ ಹಳ್ಳಿಗೆ ಹೋಗುವುದಕ್ಕೆ ಹೆಚ್ಚು. ದರ ಒಂದೇ ಆದರೆ, ಪೇಟೆಯವನು ಹಳ್ಳಿಯವನ ಕಾಗದದ ಖರ್ಚಿನಲ್ಲಿ ಒಂದಿಷ್ಟನ್ನು ತಾನು ಹೊತ್ತಂತಾಯಿತು. ಯಾರೂ ಕೇಳಿ ಪಡೆದ ದಾನವಲ್ಲ ಇದು, ಯಾರೂ ತಿಳಿದು ಕೊಟ್ಟದ್ದೂ ಅಲ್ಲ. ಏಕಸ್ವಾಮ್ಯವಿದ್ದುದರಿಂದ ಮಾತ್ರ ಈ ವ್ಯವಸ್ಥೆ ನಿಂತಿತು. ಲಾಭದ ದಾರಿಗಳನ್ನು ಬೇರೆಯವರು ಆರಿಸಿಕೊಂಡು ನಷ್ಟದ ದಾರಿಗಳನ್ನು ಮಾತ್ರ ಅಂಚೆಗೆ ಬಿಟ್ಟಿದ್ದರೆ ಅರ್ಧ ಆಣೆಯ ಕಾಗದ ಎಂದೋ ಮುಳುಗುತ್ತಿತ್ತು.

ಮೈಸೂರು ತನ್ನ ಅಂಚೆಯನ್ನು ಬಿಟ್ಟುಕೊಟ್ಟುದನ್ನು ಈ ಹಿನ್ನೆಲೆಯಲ್ಲಿ ನೋಡಬೇಕು. 1881ರಲ್ಲಿ ರಾಜ್ಯ ಒಡೆಯರ ಮನೆತನಕ್ಕೆ ಮರಳಿತು. ಎಂಟು ವರ್ಷವಾಗುವಷ್ಟರಲ್ಲಿ, ಚಾಮರಾಜ ಒಡೆಯರ ಕಾಲದಲ್ಲಿ, ಶೇಷಾದ್ರಿ ಅಯ್ಯರ್ ಅವರು ದಿವಾನರಾಗಿದ್ದಾಗ, 1889ರ ಏಪ್ರಿಲಿನಲ್ಲಿ ಮೈಸೂರಿನ ಅಂಚೆ ಬ್ರಿಟಿಷ್ ಇಂಡಿಯಾದ ಅಂಚೆಯಲ್ಲಿ ಲೀನವಾಯಿತು. ಪ್ರತಿಯಾಗಿ ಸಂಸ್ಥಾನದ ಸರ್ಕಾರಿ ಕಾಗದಗಳು ರಾಜ್ಯದೊಳಗೆ ಪುಕ್ಕಟೆಯಾಗಿ ಹೋಗತಕ್ಕದ್ದೆಂದು ಏರ್ಪಾಡಾಯಿತು. ಇನ್ನೂರು ವರ್ಷಕ್ಕೆ ಸಮೀಪದ ಒಂದು ಸಂಸ್ಥೆ ಇಷ್ಟು ಸದ್ದಿಲ್ಲದೆ ಮುಗಿಯಿತು. ತಿರುವಾಂಕೂರು ಹಾಗೆ ಮಾಡಲಿಲ್ಲ. ಅದು ತನ್ನ ‘ಅಂಚಲ್’ ಅನ್ನು ಉಳಿಸಿಕೊಂಡಿತು. ಮೈಸೂರು ತನ್ನದನ್ನು ಬಿಡುವುದಕ್ಕೆ ಹಿಂದಿನ ವರ್ಷ, 1888ರಲ್ಲಿ, ತನ್ನದೇ ಅಂಚೆ ಚೀಟಿ ಅಚ್ಚು ಹಾಕಿಸಿತು. ಕೊಚ್ಚಿಯೂ ಹಾಗೆಯೇ. ಆ ಅಂಚಲ್ 1951ರ ಏಪ್ರಿಲ್ 1ರ ವರೆಗೆ ಬದುಕಿದ್ದಿತು. ಹೈದರಾಬಾದಿನ ಅಂಚೆ ಅದಕ್ಕೆ ಒಂದು ವರ್ಷ ಮೊದಲು ಸೇರಿತು. ಗುಲ್ಬರ್ಗ, ರಾಯಚೂರು, ಬೀದರಿನವರು ಅಲ್ಲಿಯ ತನಕ ನಿಜಾಮನ ಚೀಟಿಯನ್ನೇ ಅಂಟಿಸುತ್ತಿದ್ದರು. ಮೈಸೂರು ಮಾತ್ರ ತನ್ನ ಚೀಟಿಯನ್ನು ಚಲಾವಣೆಗೆ ತರಲೇ ಇಲ್ಲ.

ಶೇಷಾದ್ರಿ ಅಯ್ಯರ್ ತಪ್ಪು ಮಾಡಿದರೆ? ನನಗೆ ಹಾಗೆ ತೋರುವುದಿಲ್ಲ. ಆನವಟ್ಟಿಯ ಅಡಕೆ ವ್ಯಾಪಾರಿಗೆ ಹಾನಗಲ್ಲಿಗೂ ಹುಬ್ಬಳ್ಳಿಗೂ ಮುಂಬಯಿಗೂ ಒಂದೇ ದರದ ಕಾಗದ, ಒಂದೇ ಮನಿಯಾರ್ಡರು ದೊರೆತದ್ದು ಸಾಮಾನ್ಯ ಲಾಭವಲ್ಲ. ಆದರೆ ನಷ್ಟವೂ ಇದ್ದಿತು. ಮೈಸೂರಿನಲ್ಲಿ 1881ರಿಂದ ಪ್ರಜಾಪ್ರತಿನಿಧಿ ಸಭೆ ಇದ್ದಿತು. ದಸರೆಗೆ ಸೇರಿದ ಪ್ರತಿನಿಧಿಗಳು ದಿವಾನರ ಮುಂದೆ ತಮ್ಮ ಸೀಮೆಯ ಕಷ್ಟಗಳನ್ನು ನಿಂತು ಹೇಳಬಹುದಾಗಿದ್ದಿತು. 1889ರ ಮೇಲೆ ಅಂಚೆ ದಿವಾನರ ಅಧೀನದ ವಿಷಯವಾಗಿ ಉಳಿಯಲಿಲ್ಲ. ಅಂಚೆ ದೊಡ್ಡದಾಯಿತು, ಅಗ್ಗವಾಯಿತು, ಮತ್ತು ಕೇಳುವವನಿಂದ ದೂರವಾಯಿತು. ಒಡೆತನ ಬದಲಾಗುವಾಗ ಲೆಕ್ಕ ಹಾಕಬೇಕಾದುದು ಈ ಮೂರನ್ನೂ ಎಂದು ನನ್ನ ಎಣಿಕೆ.

ಹೊರದೇಶಗಳ ಅನುಭವವನ್ನೂ ಒಂದಿಷ್ಟು ನೋಡೋಣ. ಯುರೋಪಿನಲ್ಲಿ ಥುರ್ನ್ ಮತ್ತು ಟಾಕ್ಸಿಸ್ ಎಂಬ ಮನೆತನ ಶತಮಾನಗಟ್ಟಲೆ ಖಾಸಗಿಯಾಗಿಯೇ ಅಂಚೆ ನಡೆಸಿತು. 1867ರಲ್ಲಿ ಪ್ರಷ್ಯ ಸರ್ಕಾರ ಹಣ ಕೊಟ್ಟು ಅದನ್ನು ಕೊಂಡಿತು. ಅದೇ ಜರ್ಮನಿ 2000ದಲ್ಲಿ ತನ್ನ ಅಂಚೆಯ ಷೇರುಗಳನ್ನು ಪೇಟೆಗೆ ಬಿಟ್ಟಿತು. ಆ ಸಂಸ್ಥೆ ಜಗತ್ತಿನಲ್ಲೆಲ್ಲ ಸರಕು ಸಾಗಿಸಿ ಚೆನ್ನಾಗಿಯೇ ಬಾಳುತ್ತಿದೆ. ಇಂಗ್ಲೆಂಡು 2013ರಲ್ಲಿ ತನ್ನ ರಾಯಲ್ ಮೇಲನ್ನು ಮಾರಿತು. ಆಗ ಮೊದಲ ದರ್ಜೆಯ ಚೀಟಿಗೆ 60 ಪೆನ್ಸ್. 2025ರ ಏಪ್ರಿಲಿಗೆ ಒಂದು ಪೌಂಡು 70 ಪೆನ್ಸ್. ಎರಡನೆಯ ದರ್ಜೆಯ ಕಾಗದಗಳ ಬಟವಾಡೆ ಅದೇ ವರ್ಷದ ಜುಲೈಯಿಂದ ದಿನ ಬಿಟ್ಟು ದಿನ. ಹೊತ್ತಿಗೆ ಸರಿಯಾಗಿ ಮುಟ್ಟಿಸಲಿಲ್ಲವೆಂದು ಒಂದಕ್ಕಿಂತ ಹೆಚ್ಚು ಬಾರಿ ದಂಡವೂ ಬಿದ್ದಿದೆ. ಇದೆಲ್ಲ ಮಾರಾಟದಿಂದಲೇ ಆಯಿತೆಂದರೆ ಅನ್ಯಾಯವಾದೀತು. ಕಾಗದ ಬರೆಯುವವರೇ ಅಲ್ಲಿ ಮೂರರಲ್ಲಿ ಒಂದು ಪಾಲಿನಷ್ಟಕ್ಕೆ ಇಳಿದಿದ್ದಾರೆ. ಡೆನ್ಮಾರ್ಕಿನ ಅಂಚೆಯಂತೂ ಸರ್ಕಾರದ ಸೊತ್ತಾಗಿದ್ದೂ 2025ರ ಕೊನೆಗೆ ಕಾಗದದ ಬಟವಾಡೆಯನ್ನೇ ನಿಲ್ಲಿಸಿತು. ಎಲ್ಲ ಊರಿಗೂ ಕಾಗದ ಮುಟ್ಟಿಸಲೇಬೇಕೆಂಬ ಕಟ್ಟಳೆಯನ್ನು ಅಲ್ಲಿಯ ಕಾನೂನು ಮೊದಲೇ ತೆಗೆದುಹಾಕಿತ್ತು. ಸರ್ಕಾರದ ಒಡೆತನ ಇದ್ದಿತು, ಕಟ್ಟಳೆ ಇರಲಿಲ್ಲ.

ನಮ್ಮಲ್ಲಿ ಆಗಿರುವುದೇನು? 1898ರ ಕಾನೂನು ಕಾಗದ ಒಯ್ಯುವ ಏಕಸ್ವಾಮ್ಯವನ್ನು ಸರ್ಕಾರಕ್ಕೆ ಕೊಟ್ಟಿತ್ತು. 2023ರಲ್ಲಿ ಸಂಸತ್ತು ಹೊಸ ಕಾನೂನು ಮಾಡಿತು. 2024ರ ಜೂನ್ 18ರಿಂದ ಅದು ಜಾರಿಗೆ ಬಂದಿದೆ. ಅದರಲ್ಲಿ ಆ ಏಕಸ್ವಾಮ್ಯದ ಮಾತು ಇಲ್ಲ. ಕೊರಿಯರಿನವರು ಬಹುಕಾಲದಿಂದ ನಡೆಸುತ್ತಿದ್ದ ವ್ಯವಹಾರಕ್ಕೆ ಇದ್ದ ಅಡ್ಡಿಯನ್ನು ತೆಗೆದುಹಾಕಿದಂತಾಯಿತು, ಅಷ್ಟೆ ಎನ್ನಬಹುದು. ಆದರೆ ದೇಶದ ರಕ್ಷಣೆ ಮೊದಲಾದ ಕಾರಣಗಳಿಗಾಗಿ ದಾರಿಯಲ್ಲಿರುವ ಕಾಗದ, ಪಾರ್ಸೆಲುಗಳನ್ನು ತಡೆದು ಒಡೆದು ನೋಡುವ ಅಧಿಕಾರ ಮಾತ್ರ ಹೊಸ ಕಾನೂನಿನಲ್ಲಿಯೂ ಭದ್ರವಾಗಿದೆ. ಸರ್ಕಾರ ತನ್ನ ಹೊರೆಗೆ ಆಧಾರವಾಗಿದ್ದ ಹಕ್ಕನ್ನು ಬಿಟ್ಟುಕೊಟ್ಟು, ಚಿಕ್ಕದೇವರಾಜನ ಕಾಲದ ಹಕ್ಕನ್ನು ಇಟ್ಟುಕೊಂಡಿತು. ಖಾಸಗೀಕರಣ ಬೇಕೋ ಬೇಡವೋ ಎಂದು ನಾವು ವಾದಿಸುತ್ತಿರುವಾಗಲೇ ಈ ಕೆಲಸ ಮುಗಿದಿತ್ತು.

ಖಾಸಗಿಯವರನ್ನು ಬೈಯುವುದು ನನ್ನ ಉದ್ದೇಶವಲ್ಲ. ಪೇಟೆಯಿಂದ ತರಿಸಿದ ಸಾಮಾನನ್ನು ಇಂದು ಬೈಕಿನ ಹುಡುಗರು ಸಣ್ಣ ಊರುಗಳ ಮನೆಬಾಗಿಲಿಗೂ ತಂದು ಕೊಡುತ್ತಾರೆ. ಬೆವರು ಸುರಿಸಿಯೇ ದುಡಿಯುತ್ತಾರೆ. ಆದರೆ ಅವರು ಬರುವುದು ಸಾಮಾನು ತರಿಸುವವರು ಇದ್ದಲ್ಲಿಗೆ. ಕಾಡಂಚಿನ ಹಳ್ಳಿಯ ಒಂಟಿ ಮುದುಕಿಗೆ ಬಂದ ನ್ಯಾಯಾಲಯದ ನೋಟೀಸು, ಮಗನ ಕೆಲಸದ ಆರ್ಡರು, ಪಿಂಚಣಿಯ ಹಣ, ಇವುಗಳಿಂದ ಲಾಭವಿಲ್ಲ. ಅಂಚೆ ಕಾರ್ಡಿನ ಬೆಲೆಗೂ ಅದಕ್ಕೆ ತಗಲುವ ವೆಚ್ಚಕ್ಕೂ ಹತ್ತು ಪಟ್ಟಿಗೆ ಮೀರಿದ ಅಂತರವಿದೆ ಎಂದು ಇಲಾಖೆಯ ಲೆಕ್ಕವೇ ತೋರಿಸಿದೆ. ಈ ನಷ್ಟವನ್ನು ಪೇಟೆಯ ಕಾಗದಗಳು ಇನ್ನು ಹೊರಲಾರವು, ಅವು ಕೈಬಿಟ್ಟುಹೋಗಿವೆ. ಹಾಗಾದರೆ ಬೊಕ್ಕಸದಿಂದ ಹೊರಬೇಕು, ಅದನ್ನು ಬಹಿರಂಗವಾಗಿ, ಕಾನೂನಿನಲ್ಲಿ ಬರೆದು ಹೊರಬೇಕು. ರಸ್ತೆಗೆ ಲಾಭ ಕೇಳದ ನಾವು ಅಂಚೆಗೆ ಮಾತ್ರ ಕೇಳುವುದು ಯಾವ ನ್ಯಾಯ?

ದೇಶದಲ್ಲಿ ಇರುವ ಸುಮಾರು 1 ಲಕ್ಷ 64 ಸಾವಿರ ಅಂಚೆ ಕಚೇರಿಗಳಲ್ಲಿ ಹತ್ತಕ್ಕೆ ಒಂಬತ್ತು ಹಳ್ಳಿಗಳಲ್ಲಿವೆ. ಅವುಗಳಲ್ಲಿ ಬಹುಪಾಲನ್ನು ನಡೆಸುವವರು ಗ್ರಾಮೀಣ ಅಂಚೆ ಸೇವಕರು. ಆನವಟ್ಟಿಯಂಥ ಊರಿನ ಸುತ್ತ ಒಳಹಳ್ಳಿಗಳಲ್ಲಿ ನಾವು ಕಾಣುವ ಶಾಖಾ ಅಂಚೆ ಕಚೇರಿ ಎಂದರೆ ಎಷ್ಟೋ ಕಡೆ ಒಂದು ಮನೆಯ ಜಗಲಿ, ಒಂದು ಮೇಜು, ಒಂದು ಕೆಂಪು ಡಬ್ಬಿ. ಕಚೇರಿಗೆ ಬೇಕಾದ ಜಾಗವನ್ನು ಅಲ್ಲಿಯ ಪೋಸ್ಟ್‌ಮಾಸ್ತರರೇ ಒದಗಿಸತಕ್ಕದ್ದೆಂದು ನಿಯಮ. ಜೀವನಕ್ಕೆ ಬೇರೆ ಆಧಾರವೂ ಇರಬೇಕೆಂದು ನಿಯಮ. ದಿನಕ್ಕೆ ನಾಲ್ಕೋ ಐದೋ ಗಂಟೆಯ ಕೆಲಸವೆಂದು ಲೆಕ್ಕ ಹಾಕಿ ಭತ್ಯೆ ಕೊಡುತ್ತಾರೆ. ಅದನ್ನು ಸಂಬಳವೆಂದು ಕರೆಯುವುದಿಲ್ಲ. ಇವರು ಹಿಡಿದಿರುವುದು ಸರ್ಕಾರದ ಅಧೀನದ ಹುದ್ದೆಯೇ ಹೌದು, ಬರಿಯ ಏಜೆಂಟರಲ್ಲ ಎಂದು 1977ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪು ಕೊಟ್ಟಿತು. ಆದರೂ ಇಲಾಖೆಯ ಕಾಯಂ ನೌಕರರಿಗಿರುವ ವೇತನ ಶ್ರೇಣಿಯಾಗಲಿ ಪಿಂಚಣಿಯಾಗಲಿ ಇವರಿಗೆ ಬರಲಿಲ್ಲ. ಮಾರುವ ಮಾತು ಆಡುವವರು ಮೊದಲು ಇವರ ಜಗಲಿಗೆ ಬಂದು ನೋಡಬೇಕು. ಜಾಗ ಅವರದು, ದೀಪ ಅವರದು, ಊರಿನವರ ನಂಬಿಕೆ ಅವರ ಗಳಿಕೆ. ಸರ್ಕಾರದ್ದೆಂದು ಅಲ್ಲಿ ಇರುವುದು ಮುದ್ರೆ, ಬೋರ್ಡು ಮತ್ತು ಬೋರ್ಡಿನ ಮೇಲಿನ ‘ಅಂಚೆ’ ಎಂಬ ಹೆಸರು.