ಬಟ್ಟೆ ಹಗ್ಗದಿಂದ ಅಳೆದ ಊರು

ಅಮೆರಿಕದ ಸಿಯಾಟಲ್ ನಗರದ ಪಶ್ಚಿಮ ಅಂಚಿನಲ್ಲಿ, ಆಲ್ಕೈ ಎಂಬ ಕಡಲ ದಂಡೆಯ ಉದ್ಯಾನದಲ್ಲಿ ಒಂದು ಕಲ್ಲುಕಂಬವಿದೆ. ನಗರ ಹುಟ್ಟಿದ್ದು ಇಲ್ಲೇ ಎಂದು ಸಾರಲು 1905ರಲ್ಲಿ ನಿಲ್ಲಿಸಿದ್ದು. ಮೊದಲು ಬಂದಿಳಿದ ಬಿಳಿಯರ ಹೆಸರುಗಳನ್ನು ಅದರ ಮೇಲೆ ಕೆತ್ತಿದ್ದಾರೆ. ಗಂಡಂದಿರಿಗೆ ಪೂರ್ತಿ ಹೆಸರು. ಹೆಂಡತಿಯರಿಗೆ 'ಮತ್ತು ಪತ್ನಿ', ಅಷ್ಟೇ.

ಆ ಪತ್ನಿಯರ ಕಣ್ಣಲ್ಲಿ ಊರು ಹುಟ್ಟಿದ ದಿನ ಅಷ್ಟೇನೂ ಶುಭವಾಗಿರಲಿಲ್ಲ. 1851ರ ನವೆಂಬರ್ 13. ಮಳೆ ಹಿಡಿದಿತ್ತು. 'ಎಕ್ಸಾಕ್ಟ್' ಎಂಬ ಹಾಯಿಹಡಗಿನಿಂದ ದೊಡ್ಡವರು 10 ಮಂದಿ, ಮಕ್ಕಳು 12 ಮಂದಿ ಇಳಿದರು. ತಂಡದ ಮುಖಂಡ ಆರ್ಥರ್ ಡೆನ್ನಿಯ ತಮ್ಮ, 19ರ ಡೇವಿಡ್, ಮುಂಚೆಯೇ ಬಂದು ಮರದ ದಿಮ್ಮಿಗಳಿಂದ ಮನೆ ಕಟ್ಟುತ್ತಿದ್ದ. ನೋಡಿದರೆ ಗೋಡೆಗಳಷ್ಟೇ ಎದ್ದಿವೆ, ಮಾಡು ಇಲ್ಲ. ಕಟ್ಟಬೇಕಾದವನೇ ಜ್ವರದಿಂದ ಹಣ್ಣಾಗಿದ್ದಾನೆ. ಹೆಂಗಸರು ದಂಡೆಯಲ್ಲೇ ಅತ್ತರು. ಆರ್ಥರನ ಹೆಂಡತಿ ಮೇರಿಯ ಮಡಿಲಲ್ಲಿದ್ದ ರೋಲೆಂಡ್‌ಗೆ ಮೂರು ತಿಂಗಳೂ ತುಂಬಿರಲಿಲ್ಲ. ತಾಯಿಗೆ ಹಾಲಿರಲಿಲ್ಲ, ಮೂಲನಿವಾಸಿಗಳು ಹೇಳಿಕೊಟ್ಟಂತೆ ಚಿಪ್ಪುಮೀನಿನ, ಅಂದರೆ ನಮ್ಮ ಕರಾವಳಿಯವರ ಮರುವಾಯಿಯ, ರಸ ಕುಡಿಸಿ ಕೂಸನ್ನು ಉಳಿಸಿಕೊಂಡರಂತೆ. ಆ ರೋಲೆಂಡ್ 1939ರವರೆಗೆ ಬದುಕಿದ.

ಇಷ್ಟಾದರೂ ಊರಿಗಿಟ್ಟ ಹೆಸರು 'ನ್ಯೂಯಾರ್ಕ್'! ಅದಕ್ಕೆ 'ಆಲ್ಕೈ' ಎಂಬ ಬಾಲವೂ ಅಂಟಿಕೊಂಡಿತು. ಆ ಭಾಗದ ವ್ಯಾಪಾರದ ಮಿಶ್ರಭಾಷೆಯಾದ ಚಿನೂಕ್‌ನಲ್ಲಿ ಅದಕ್ಕೆ 'ಮುಂದೊಂದು ದಿನ' ಎಂದರ್ಥ. ಹೆಸರಿನಲ್ಲಿ ಗೇಲಿ ಇತ್ತೋ ಆಸೆ ಇತ್ತೋ, ಎರಡೂ ಇದ್ದಿರಬೇಕು. ಈಗ 'ಆಲ್ಕೈ' ಎಂಬುದೇ ಸಿಯಾಟಲ್ ಇರುವ ವಾಷಿಂಗ್ಟನ್ ರಾಜ್ಯದ ಧ್ಯೇಯವಾಕ್ಯ. 1952ರಲ್ಲಿ ಸ್ಕೌಟ್ ಹುಡುಗರು ಇದೇ ದಂಡೆಗೆ ನ್ಯೂಯಾರ್ಕ್‌ನಲ್ಲಿರುವಂಥದ್ದೇ ಪುಟ್ಟ ಸ್ವಾತಂತ್ರ್ಯದೇವಿಯ ಪ್ರತಿಮೆಯನ್ನೂ ತಂದು ಕೊಟ್ಟರು.

ಅಸಲಿ ಊರು ಬೆಳೆದದ್ದು ಮಾತ್ರ ಇಲ್ಲಲ್ಲ.

1851ರ ಡಿಸೆಂಬರ್‌ನಲ್ಲೇ 'ಲಿಯೊನೀಸಾ' ಎಂಬ ಹಡಗು ಸ್ಯಾನ್‌ಫ್ರಾನ್ಸಿಸ್ಕೋದ ಧಕ್ಕೆಗಳಿಗೆ ಮರದ ಕಂಬ ಬೇಕೆಂದು ಬಂತು. ಮರಕ್ಕೇನೂ ಬರವಿರಲಿಲ್ಲ. ಆದರೆ ಗಾಳಿಗೆ ಮೈಯೊಡ್ಡಿದ ಈ ದಂಡೆಯಲ್ಲಿ ಹಡಗು ನಿಲ್ಲಲು ನೆಲೆ ಸಾಲದು. 1852ರ ಫೆಬ್ರುವರಿಯಲ್ಲಿ ಆರ್ಥರ್ ಮತ್ತು ತಂಡದ ಬೋರೆನ್, ಬೆಲ್ ಮೂವರೂ ದೋಣಿ ಹತ್ತಿ ಪಕ್ಕದ ಎಲಿಯಟ್ ಕೊಲ್ಲಿಯ ಆಳ ನೋಡಹೊರಟರು. ಅವರ ಅಳತೆಯ ಸಾಧನ: ಮೇರಿ ಬಟ್ಟೆ ಒಣಹಾಕುತ್ತಿದ್ದ ಹಗ್ಗ, ಅದರ ತುದಿಗೆ ಕಟ್ಟಿದ ಕುದುರೆ ಲಾಳಗಳು. ಹಗ್ಗ ಇಳಿಯುತ್ತಲೇ ಹೋದ ಪೂರ್ವದಂಡೆಗೆ ಹೆಚ್ಚಿನವರು ವಲಸೆ ಹೋದರು. ಬಹುಪಾಲು ಜನ ಒಂದೇ ಚಳಿಗಾಲ ಕಳೆದ ಜಾಗಕ್ಕೆ ಕಲ್ಲುಕಂಬ ಬಂದಿದೆ. ಊರಿನ ಜಾಗ ಗೊತ್ತುಮಾಡಿದ ಹಗ್ಗದ ಒಡತಿ ಆ ಕಲ್ಲಿನಲ್ಲಿ ಬರೀ 'ಪತ್ನಿ'.

ಆಚೆ ದಂಡೆಯ ಹೊಸ ಊರಿಗೆ ಅಲ್ಲಿನ ಮೂಲನಿವಾಸಿ ನಾಯಕ ಸಿಯಾಟಲ್‌ನ ಹೆಸರಿಟ್ಟರು. 1865ರಲ್ಲಿ ಅದೇ ಊರು ನಿಯಮ ಹೊರಡಿಸಿ, ಬಿಳಿಯರ ಬಳಿ ಕೆಲಸಕ್ಕಿದ್ದವರನ್ನು ಬಿಟ್ಟು ಬೇರೆ ಮೂಲನಿವಾಸಿಗಳು ಒಳಗೆ ವಾಸಿಸಕೂಡದೆಂದಿತು.

ಆಲ್ಕೈ ಕಂಬಕ್ಕೆ 2001ರಲ್ಲಿ, 150ನೇ ವರ್ಷದ ನೆನಪಿಗೆ, ಹೊಸ ಫಲಕ ಬಂತು. ಅದರಲ್ಲಿ ಮೇರಿ ಡೆನ್ನಿ, ಮೇರಿ ಬೋರೆನ್, ಸಾರಾ ಬೆಲ್, ಲಿಡಿಯಾ ಲೋ ತಮ್ಮ ತಮ್ಮ ಹೆಸರಿನಲ್ಲೇ ಇದ್ದಾರೆ.